ತಿರುಚಿ ನಿಂತ ಮನೆ: ಮಾಲ್ಮೋ ನಗರದ ಗಗನಚುಂಬಿಯ ಕಟ್ಟೋಣವೂ ವೆಚ್ಚವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ನಮ್ಮ ಹಿರಿಯರು ಎರಡಂಕಣದ ಮನೆ ಕಟ್ಟಿಸುವವನನ್ನು ಕುರಿತೇ ಹೇಳಿರಬೇಕು. ಮಾಡಿಗೆಂದು ಕೂಡಿಟ್ಟ ಹಣವು ಗೋಡೆಗೇ ತೀರಿಹೋಗುವುದೂ, ಗೋಡೆಗೆಂದು ತೆಗೆದಿಟ್ಟದ್ದು ಅಡಿಪಾಯದಲ್ಲೇ ಅಡಗಿಬಿಡುವುದೂ ಮನೆ ಕಟ್ಟಿಸಿದ ಪ್ರತಿಯೊಬ್ಬನಿಗೂ ಅನುಭವದಿಂದ ತಿಳಿದ ಸಂಗತಿಯಷ್ಟೆ. ಹೀಗಿರಲು ಐವತ್ತನಾಲ್ಕು ಅಂತಸ್ತಿನ ಮನೆಯೊಂದನ್ನು, ಅದರಲ್ಲಿಯೂ ಬುಡದಿಂದ ತುದಿಯವರೆಗೆ ಏರುವಷ್ಟರಲ್ಲಿ ಕಾಲು ಸುತ್ತು ತಿರುಗಿ ನಿಲ್ಲುವಂಥ ಮನೆಯನ್ನು, ಕಟ್ಟಲು ಹೊರಟವರ ಪಾಡು ಏನಾಗಿರಬೇಕು? ಕಟ್ಟಿಸಿದವರು ಅರಸರಲ್ಲ, ಕೋಟ್ಯಧೀಶರಲ್ಲ. ತಿಂಗಳ ಸಂಪಾದನೆಯಲ್ಲಿ ಅಷ್ಟಿಷ್ಟು ಉಳಿಸಿ ಸ್ವಂತ ಸೂರನ್ನು ಪಡೆಯಬೇಕೆಂಬವರ ಸಹಕಾರ ಸಂಘವೊಂದು ಈ ಸಾಹಸಕ್ಕೆ ಕೈಹಾಕಿತು. ಆ ಕಟ್ಟಡವು ಸ್ವೀಡನ್ ದೇಶದ ಮಾಲ್ಮೋ ನಗರದಲ್ಲಿ ಇಂದಿಗೂ ನಿಂತಿದೆ. ಅದರ ಹೆಸರು ‘ಟರ್ನಿಂಗ್ ಟಾರ್ಸೊ’. ಟಾರ್ಸೊ ಎಂದರೆ ತಲೆ, ಕೈಕಾಲುಗಳನ್ನು ಬಿಟ್ಟು ಉಳಿದ ದೇಹ. ಕನ್ನಡಿಸಿ ‘ಹೊರಳುವ ಮುಂಡ’ ಎಂದೆವಾದರೆ ನಮ್ಮಲ್ಲಿ ಅದರ ಗೃಹಪ್ರವೇಶಕ್ಕೆ ಯಾರೂ ಬರಲಾರರು. ಆದಕಾರಣ ಆ ಹೆಸರನ್ನು ಹಾಗೆಯೇ ಇರಗೊಡುವೆವು.

ಮೊದಲು ಊರಿನ ಸ್ಥಿತಿಯನ್ನು ಅರಿತುಕೊಳ್ಳಬೇಕು. ಮಾಲ್ಮೋ ಸ್ವೀಡನ್ನಿನ ದಕ್ಷಿಣದ ತುದಿಯಲ್ಲಿ, ಕಡಲ ಕಾಲುವೆಯೊಂದರ ದಂಡೆಯ ಮೇಲಿರುವ ನಗರ. ಎದುರು ದಂಡೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್ ಹೇಗನ್. ಒಂದಾನೊಂದು ಕಾಲದಲ್ಲಿ ಮಾಲ್ಮೋ ಎಂದರೆ ಹಡಗು, ಹಡಗು ಎಂದರೆ ಕೊಕುಮ್ಸ್ ಕಾರ್ಖಾನೆ. ೧೯೭೦ರ ದಶಕದಲ್ಲಿ ಆ ಕಾರ್ಖಾನೆಯವರು ೧೩೮ ಮೀಟರು ಎತ್ತರದ, ೧,೫೦೦ ಟನ್ನು ಭಾರವನ್ನು ಎತ್ತಬಲ್ಲ ಕ್ರೇನೊಂದನ್ನು ನಿಲ್ಲಿಸಿದರು. ಊರಿನ ಯಾವ ಮೂಲೆಯಿಂದ ನೋಡಿದರೂ ಅದು ಕಣ್ಣಿಗೆ ಬೀಳುತ್ತಿತ್ತು. ನಮ್ಮೂರುಗಳಲ್ಲಿ ಗೋಪುರವನ್ನು ಗುರುತಾಗಿಟ್ಟುಕೊಂಡು ದಾರಿ ಹೇಳುವಂತೆ ಅಲ್ಲಿಯವರು ಕ್ರೇನನ್ನು ಗುರುತಾಗಿಟ್ಟುಕೊಂಡಿದ್ದರು. ಆದರೆ ಹಡಗಿನ ವ್ಯಾಪಾರ ಕುಸಿಯಿತು. ೧೯೮೦ರ ದಶಕದ ಉತ್ತರಾರ್ಧದಲ್ಲಿ ಸರಕು ಹಡಗುಗಳ ನಿರ್ಮಾಣವೇ ನಿಂತುಹೋಯಿತು. ಆ ಜಾಗದಲ್ಲಿ ಮೋಟಾರು ಕಾರ್ಖಾನೆಯೊಂದು ೧೯೮೯ರಲ್ಲಿ ತೆರೆದು ೧೯೯೧ರಲ್ಲಿ ಮುಚ್ಚಿತು. ಬಂದರಿನ ಪಶ್ಚಿಮ ಭಾಗವೆಲ್ಲ ಹಾಳು ಸುರಿಯತೊಡಗಿತು. ಕ್ರೇನನ್ನು ಕೊನೆಗೆ ದಕ್ಷಿಣ ಕೊರಿಯಾದ ಹಡಗು ಕಂಪೆನಿಯೊಂದು ಕೊಂಡುಕೊಂಡಿತು. ಕೊಟ್ಟ ಬೆಲೆ ಒಂದೇ ಒಂದು ಡಾಲರ್! ೨೦೦೨ರಲ್ಲಿ ಅದನ್ನು ಬಿಚ್ಚಿ ಹಡಗಿಗೇರಿಸಿ ಸಾಗಿಸಿದಾಗ ಊರಿನ ಜನರು ದಂಡೆಯಲ್ಲಿ ನಿಂತು ಕಣ್ಣೀರಿಟ್ಟರೆಂದೂ, ಅದರಿಂದಲೇ ಅದಕ್ಕೆ ‘ಮಾಲ್ಮೋವಿನ ಕಣ್ಣೀರು’ ಎಂಬ ಹೆಸರು ಬಂದಿತೆಂದೂ ಹೇಳುವರು.

ಕ್ರೇನು ಹೋಗುವ ಹೊತ್ತಿಗೆ ಅದರ ಸಮೀಪದಲ್ಲೇ ಇನ್ನೊಂದು ಎತ್ತರವು ನೆಲದಿಂದ ಮೇಲೇಳುತ್ತಿತ್ತು. ಅದಕ್ಕೆ ಕಾರಣನಾದವನು ಸಾಂತಿಯಾಗೊ ಕಲಾತ್ರಾವಾ ಎಂಬ ಸ್ಪೇನ್ ದೇಶದ ಶಿಲ್ಪಿ. ೧೯೫೧ರಲ್ಲಿ ವಲೆನ್ಸಿಯಾ ಪ್ರಾಂತದಲ್ಲಿ ಹುಟ್ಟಿದ ಈತನು ಮೊದಲು ವಾಸ್ತುಶಿಲ್ಪವನ್ನೂ ಆಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಎಂಜಿನಿಯರಿಂಗ್ ವಿದ್ಯೆಯನ್ನೂ ಕಲಿತವನು. ಜೊತೆಗೆ ಕಲ್ಲಿನಲ್ಲಿ ಪ್ರತಿಮೆಗಳನ್ನು ರೂಪಿಸುವ ಹವ್ಯಾಸವುಳ್ಳವನು. ಮನುಷ್ಯನು ಸೊಂಟದಿಂದ ಮೇಲಕ್ಕೆ ಮೈಯನ್ನು ಹೊರಳಿಸಿ ಹಿಂದಕ್ಕೆ ನೋಡುವಾಗ ಬೆನ್ನೆಲುಬು ಹೇಗೆ ತಿರುಚಿಕೊಳ್ಳುತ್ತದೆಯೋ ಆ ಭಂಗಿಯನ್ನು ಆತನು ಒಂದು ಬೆನ್ನುಕಂಬದ ಸುತ್ತ ಪೋಣಿಸಿದ ಘನಾಕೃತಿಗಳ ಮೂಲಕ ಸೂಚಿಸಿದ್ದನು. ಆ ಪ್ರತಿಮೆಯ ಚಿತ್ರವು ಪುಸ್ತಿಕೆಯೊಂದರಲ್ಲಿ ೧೯೯೯ರಲ್ಲಿ ಜಾನಿ ಓರ್‌ಬೆಕ್ ಎಂಬವರ ಕಣ್ಣಿಗೆ ಬಿದ್ದಿತು. ಇವರು ಮಾಲ್ಮೋವಿನ ಎಚ್.ಎಸ್.ಬಿ. ಎಂಬ ಗೃಹನಿರ್ಮಾಣ ಸಹಕಾರ ಸಂಘದ ಮುಖ್ಯಸ್ಥರು. ಒಡನೆಯೇ ಜ್ಯೂರಿಕ್ಕಿಗೆ ಪ್ರಯಾಣ ಮಾಡಿ, ಈ ಪ್ರತಿಮೆಯ ಮಾದರಿಯಲ್ಲಿಯೇ ನಮಗೊಂದು ಮನೆಯನ್ನು ರಚಿಸಿಕೊಡಿರೆಂದು ಶಿಲ್ಪಿಯನ್ನು ಕೇಳಿಕೊಂಡರು. ಪ್ರತಿಮೆಯು ಮನೆಯಾಗಲು ಹೊರಟದ್ದು ಹೀಗೆ. ಪ್ರತಿಮೆಗೆ ನೀರಿನ ಕೊಳವೆ ಬೇಡ, ಲಿಫ್ಟು ಬೇಡ, ಕಿಟಕಿ ಬೇಡ. ಮನೆಗೆ ಇವೆಲ್ಲವೂ ಬೇಕು ಎಂಬ ವ್ಯತ್ಯಾಸದ ಬೆಲೆ ಆಮೇಲೆ ತಿಳಿಯಿತು.

ಇಲ್ಲಿ ಎಚ್.ಎಸ್.ಬಿ. ಸಂಘವನ್ನು ಕುರಿತು ನಾಲ್ಕು ಮಾತು ಹೇಳುವುದು ಆವಶ್ಯಕ. ಸಹಕಾರವೆಂಬುದು ಕನ್ನಡಿಗರಿಗೆ ಹೊಸತೇನೂ ಅಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಷ್ಟು ಹಿಂದೆಯೇ ರೈತರ ಸಹಕಾರ ಸಂಘವು ಹುಟ್ಟಿತ್ತೆಂಬುದು ವಾಚಕರಿಗೆ ತಿಳಿದೇ ಇದೆ. ಸ್ವೀಡನ್ನಿನಲ್ಲಿ ಎಚ್.ಎಸ್.ಬಿ. ಸ್ಥಾಪನೆಯಾದದ್ದು ೧೯೨೩ರಲ್ಲಿ. ಆ ಮೂರಕ್ಷರಗಳು ‘ಬಾಡಿಗೆದಾರರ ಉಳಿತಾಯ ಮತ್ತು ಕಟ್ಟಡ ಸಂಘ’ ಎಂಬ ಅರ್ಥದ ಸ್ವೀಡಿಷ್ ಹೆಸರಿನ ಸಂಕ್ಷೇಪ. ಇಕ್ಕಟ್ಟಾದ ಕೋಣೆಗಳಿಗೆ ದುಬಾರಿ ಬಾಡಿಗೆ ತೆತ್ತು ಬೇಸತ್ತವರು ತಾವೇ ಉಳಿಸಿ ತಾವೇ ಕಟ್ಟಿಸಿಕೊಳ್ಳೋಣವೆಂದು ಕೂಡಿದ ಸಂಘವದು. ಸ್ವೆನ್ ವಾಲಾಂದರ್ ಎಂಬ ವಾಸ್ತುಶಿಲ್ಪಿಯ ಮುಂದಾಳುತನದಲ್ಲಿ, ಕಾರ್ಮಿಕನ ಮನೆಗೂ ಸ್ನಾನದ ಕೋಣೆ ಬೇಕು, ಬಟ್ಟೆ ಒಗೆಯಲು ಎಲ್ಲರಿಗೂ ಸೇರಿದ ಯಂತ್ರದ ಕೋಣೆ ಬೇಕು ಎಂದು ಹಟ ಹಿಡಿದು ಮಾಡಿಸಿದವರು ಇವರು.

ಇವರ ಹಣಕಾಸಿನ ಕ್ರಮವನ್ನು ಸ್ಪಷ್ಟವಾಗಿ ತಿಳಿದುಕೊಳ್ಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಸದಸ್ಯರು ಮೊದಲು ಸಂಘದಲ್ಲಿ ಉಳಿತಾಯ ಮಾಡುತ್ತಾರೆ. ಅವರ ಸರದಿ ಬಂದಾಗ, ತಾಯಿಸಂಘವು ಕಟ್ಟಿಸಿದ ಹೊಸ ಮನೆಯೊಂದಕ್ಕೆ ಮುಂಗಡವಾಗಿ ದೊಡ್ಡ ಮೊತ್ತವೊಂದನ್ನು ಕೊಟ್ಟು ಅದರಲ್ಲಿ ವಾಸಿಸುವ ಹಕ್ಕನ್ನು ಪಡೆಯುತ್ತಾರೆ. ಕಟ್ಟಡ ಮುಗಿದೊಡನೆ ಅಲ್ಲಿ ವಾಸಿಸುವವರೇ ಸೇರಿ ಒಂದು ಮರಿಸಂಘವಾಗುತ್ತದೆ. ಕಟ್ಟಡವೂ ಅದರ ಮೇಲಿನ ಸಾಲವೂ ಆ ಮರಿಸಂಘಕ್ಕೆ ಸೇರುತ್ತವೆ. ತಿಂಗಳು ತಿಂಗಳು ಎಲ್ಲರೂ ತಮ್ಮ ಪಾಲನ್ನು ತೆತ್ತು ಬಡ್ಡಿಯನ್ನೂ ದುರಸ್ತಿಯ ವೆಚ್ಚವನ್ನೂ ನಿಭಾಯಿಸುತ್ತಾರೆ. ತಾಯಿಸಂಘವು ಕೈತೊಳೆದುಕೊಂಡು, ಮರಳಿ ಬಂದ ಹಣದಿಂದ ಮುಂದಿನ ಕಟ್ಟಡಕ್ಕೆ ತೊಡಗುತ್ತದೆ. ಒಂದೇ ಕೊಡದ ನೀರಿನಿಂದ ಪಾತಿಯ ಮೇಲೆ ಪಾತಿಗೆ ಹಾಯಿಸಿದಂತೆ ಹಣವು ಹರಿಯುತ್ತ ಹೋಗಬೇಕು. ಎಲ್ಲಿಯಾದರೂ ನಿಂತರೆ ಮುಂದಿನ ಪಾತಿ ಒಣಗುವುದು. ಟರ್ನಿಂಗ್ ಟಾರ್ಸೊವನ್ನೂ ಇದೇ ಕ್ರಮದಲ್ಲಿ ಮಾರಿಬಿಡುವ ಆಲೋಚನೆಯಿಂದ ಆರಂಭಿಸಿದರು.

ಕಾಮಗಾರಿ ೨೦೦೧ರಲ್ಲಿ ತೊಡಗಿತು. ಮಾಲ್ಮೋ ನೆಲದ ಕೆಳಗೆ ಸುಣ್ಣಕಲ್ಲಿನ ಹಾಸು ಇದೆ. ಹದಿನೈದು ಮೀಟರಿನಷ್ಟು ಆಳಕ್ಕೆ ಅಗೆದು ಆ ಹಾಸಿನಲ್ಲಿ ಬುಡ ಊರುವಂತೆ ೩೦ ಮೀಟರು ಅಡ್ಡಳತೆಯ ದುಂಡನೆಯ ಕಾಂಕ್ರೀಟು ಪೀಠವನ್ನು ಹಾಕಿದರು; ಅದರ ದಪ್ಪ ೭ ಮೀಟರು. ಗಣಿತ ಬಲ್ಲ ನಮ್ಮ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಸುಮಾರು ೫,೦೦೦ ಘನ ಮೀಟರು ಕಾಂಕ್ರೀಟು ಆ ಒಂದು ಪೀಠದಲ್ಲಿಯೇ ಹುದುಗಿದೆ. ನೆಲದ ಮೇಲೆ ಒಂದು ಇಟ್ಟಿಗೆಯೂ ಕಾಣುವ ಮೊದಲೇ ಇಷ್ಟು!

ಪೀಠದ ನಡುವಿನಿಂದ ಕಟ್ಟಡದ ಜೀವವಾದ ಟೊಳ್ಳು ಕಂಬವು ಮೇಲೇಳುತ್ತದೆ. ಒಳಗಿನ ಅಡ್ಡಳತೆ ೧೦.೬ ಮೀಟರು, ಬುಡದಿಂದ ತುದಿಯವರೆಗೂ ಈ ಅಳತೆ ಬದಲಾಗುವುದಿಲ್ಲ. ಗೋಡೆಯ ದಪ್ಪ ಮಾತ್ರ ಬುಡದಲ್ಲಿ ಎರಡೂವರೆ ಮೀಟರು ಇದ್ದದ್ದು ಮೇಲೇರಿದಂತೆ ತೆಳ್ಳಗಾಗುತ್ತ ತುದಿಯಲ್ಲಿ ೪೦ ಸೆಂಟಿಮೀಟರಿಗೆ ಇಳಿಯುತ್ತದೆ. ಮೆಟ್ಟಿಲುಗಳೂ ಲಿಫ್ಟುಗಳೂ ಈ ಟೊಳ್ಳಿನೊಳಗೇ ಇವೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಕಂಬವು ತಿರುಚಿಲ್ಲ; ಅದು ನೆಟ್ಟಗೆ ನಿಂತಿದೆ. ತಿರುಗಿರುವುದು ಅದರ ಸುತ್ತ ಚಾಚಿದ ಅಂತಸ್ತುಗಳು. ಮೇಜಿನ ಮೇಲಿಟ್ಟ ಇಸ್ಪೀಟು ಕಟ್ಟಿನ ನಡುವೆ ಸೂಜಿಯೊಂದನ್ನು ಚುಚ್ಚಿ ಒಂದೊಂದು ಎಲೆಯನ್ನೂ ಕೂದಲೆಳೆಯಷ್ಟು ಸರಿಸುತ್ತ ಹೋದರೆ ಆಗುವ ಆಕಾರವನ್ನು ಕಲ್ಪಿಸಿಕೊಳ್ಳಬೇಕು. ಇಲ್ಲಿ ಒಂದು ಅಂತಸ್ತಿಗೂ ಅದರ ಮೇಲಿನ ಅಂತಸ್ತಿಗೂ ಇರುವ ಸರಿತವು ಸುಮಾರು ೧.೬ ಅಂಶ, ಒಳಗೆ ನಿಂತವನಿಗೆ ಅದು ಗೊತ್ತೇ ಆಗದು. ಆದರೆ ಐವತ್ತಕ್ಕೂ ಹೆಚ್ಚು ಸಲ ಕೂಡಿದಾಗ ಅದೇ ಸರಿತವು ೯೦ ಅಂಶವಾಗುತ್ತದೆ. ಬುಡವು ಪೂರ್ವಕ್ಕೆ ಮುಖ ಮಾಡಿದೆಯೆಂದು ಇಟ್ಟುಕೊಂಡರೆ ತಲೆಯು ದಕ್ಷಿಣವನ್ನೋ ಉತ್ತರವನ್ನೋ ನೋಡುತ್ತಿರುತ್ತದೆ.

ಅಂತಸ್ತುಗಳೆಲ್ಲ ಒಂಬತ್ತು ಗುಂಪುಗಳಾಗಿ ವಿಂಗಡಗೊಂಡಿವೆ. ಒಂದೊಂದು ಗುಂಪಿನಲ್ಲಿ ಐದು ಅಂತಸ್ತು, ಗುಂಪು ಗುಂಪುಗಳ ನಡುವೆ ಸಂಧಿ. ದೂರದಿಂದ ನೋಡಿದರೆ ಒಂಬತ್ತು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಓರೆಯಾಗಿ ಪೇರಿಸಿಟ್ಟಂತೆ ಕಾಣುತ್ತದೆ. ಒಂದೊಂದು ಪೆಟ್ಟಿಗೆಯ ತಳವೂ ನಡುಗಂಬದಿಂದ ಹೊರಕ್ಕೆ ಚಾಚಿದ ದಪ್ಪನೆಯ ಹಲಗೆ. ಗೋಡೆಯಲ್ಲಿ ಸಿಕ್ಕಿಸಿದ ಗೂಡುಹಲಗೆಯ ಮೇಲೆ ಪಾತ್ರೆ ಜೋಡಿಸಿದಂತೆ ಆ ತಳದ ಮೇಲೆ ಪೆಟ್ಟಿಗೆಯ ಉಳಿದ ಅಂತಸ್ತುಗಳು ನಿಲ್ಲುತ್ತವೆ. ಅಂತಸ್ತಿನ ನಕ್ಷೆ ಐದು ಮೂಲೆಯದು: ಕಂಬದ ಸುತ್ತ ಚೌಕದಂಥ ಭಾಗ, ಒಂದು ಪಕ್ಕದಲ್ಲಿ ಮೂಗಿನಂತೆ ಹೊರಚಾಚಿದ ತ್ರಿಕೋನ ಭಾಗ. ಈ ಮೂಗನ್ನು ಹೊರಗಿನಿಂದ ಹಿಡಿದು ನಿಲ್ಲಿಸಲು ಬಿಳಿಯ ಉಕ್ಕಿನ ಬೆನ್ನೆಲುಬೊಂದು ಕಟ್ಟಡದ ಉದ್ದಕ್ಕೂ ಬಳ್ಳಿಯಂತೆ ಸುತ್ತಿ ಏರುತ್ತದೆ. ಅದು ಬರಿಯ ಅಲಂಕಾರವಲ್ಲ. ಕಡಲ ಗಾಳಿ ಬೀಸಿದಾಗ ಕಟ್ಟಡದ ಓಲಾಟವನ್ನು ತಗ್ಗಿಸುವುದರಲ್ಲಿ ಅದು ನಡುಗಂಬಕ್ಕೆ ನೆರವಾಗುತ್ತದೆ. ಅಷ್ಟಿದ್ದರೂ ಬಿರುಗಾಳಿಯಲ್ಲಿ ತುದಿಯು ೩೦ ಸೆಂಟಿಮೀಟರಿನಷ್ಟು ತೂಗುವುದುಂಟು. ಒಟ್ಟು ಎತ್ತರ ೧೯೦ ಮೀಟರು.

ಇನ್ನು ವೆಚ್ಚದ ಮಾತು. ಎತ್ತರದ ಕಟ್ಟಡ ಯಾವುದೇ ಆಗಲಿ, ನೆಲದ ಮೇಲೆ ಹರಡಿ ಕಟ್ಟಿದ ಮನೆಗಳಿಗಿಂತ ದುಬಾರಿಯೇ ಸರಿ. ಮೇಲೆ ಏರಿದಷ್ಟೂ ಬುಡದ ಗೋಡೆ ದಪ್ಪವಾಗಬೇಕು. ಈ ಕಟ್ಟಡದ ಬುಡದಲ್ಲಿ ಕಂಬದ ಗೋಡೆಯೊಂದೇ, ಟೊಳ್ಳನ್ನು ಬಿಟ್ಟು, ನೂರು ಚದರ ಮೀಟರಿಗೂ ತುಸು ಹೆಚ್ಚು ನೆಲವನ್ನು ನುಂಗುತ್ತದೆ. ಒಂದು ಕುಟುಂಬವು ಹಾಯಾಗಿ ಬಾಳಬಹುದಾದ ಜಾಗವದು. ಅಲ್ಲಿ ಯಾರೂ ವಾಸಿಸುವಂತಿಲ್ಲ, ಯಾರೂ ಅದಕ್ಕೆ ಬಾಡಿಗೆ ಕೊಡುವಂತಿಲ್ಲ. ನೀರನ್ನು ಮೇಲಕ್ಕೆ ದೂಡಬೇಕು, ಬೆಂಕಿಯಿಂದ ಕಾಯಬೇಕು, ಲಿಫ್ಟು ವೇಗವಾಗಿ ಓಡಬೇಕು. ಸಿಮೆಂಟಿನ ಪ್ರತಿ ಬುಟ್ಟಿಯೂ, ಗಾಜಿನ ಪ್ರತಿ ಹಾಳೆಯೂ, ಕೆಲಸಗಾರನ ಬುತ್ತಿಯೂ ಮೇಲೇರಬೇಕು.

ಇದು ಎಲ್ಲ ಗಗನಚುಂಬಿಗಳಿಗೂ ಸಾಧಾರಣವಾದದ್ದು. ಆದರೆ ನೆಟ್ಟನೆಯ ಗಗನಚುಂಬಿಗಳಿಗೆ ಒಂದು ಅನುಕೂಲವಿದೆ: ಒಂದಂತಸ್ತಿಗೆ ಕಲಿತ ಕೆಲಸವನ್ನು ಐವತ್ತು ಸಲ ಕಣ್ಣುಮುಚ್ಚಿ ಮಾಡಬಹುದು. ಹತ್ತನೆಯ ಮಹಡಿ ಕಟ್ಟುವ ವೇಳೆಗೆ ಕೆಲಸಗಾರನ ಕೈ ಪಳಗಿ ಸಮಯವೂ ಹಣವೂ ಉಳಿಯುವುವು. ತಿರುಚಿದ ಕಟ್ಟಡವು ಈ ಅನುಕೂಲದ ಬಹುಪಾಲನ್ನು ಕಸಿದುಕೊಳ್ಳುತ್ತದೆ. ಕಾಂಕ್ರೀಟು ಸುರಿಯುವ ಅಚ್ಚನ್ನು ಪ್ರತಿಯೊಂದು ಅಂತಸ್ತಿಗೂ ತುಸು ತಿರುಗಿಸಿ ಅಳೆದು ಕೂರಿಸಬೇಕು. ಕೆಳಗೆ ಒಂದು ಬೆರಳಿನಷ್ಟು ತಪ್ಪಿದರೆ ಮೇಲೆ ಅದು ಗೇಣಾಗುವುದು. ಹೊರಮೈಗೆ ಹೊದಿಸಿದ ಅಲ್ಯೂಮಿನಿಯಂ ಹಲಗೆಗಳು ಸುಮಾರು ೨,೮೦೦, ಕಿಟಕಿಗಳು ಸುಮಾರು ೨,೨೫೦. ಮುಖವೇ ಬಾಗಿ ತಿರುಗಿರುವುದರಿಂದ ಕಿಟಕಿಗಳು ಕೆಲವು ಕಡೆ ಒಳಕ್ಕೂ ಕೆಲವು ಕಡೆ ಹೊರಕ್ಕೂ ವಾಲಿವೆ. ಹಲಗೆಗಳ ಬಾಗೂ ಅದಕ್ಕೆ ಹೊಂದಬೇಕು. ಕೋಣೆಯ ಗೋಡೆ ಓರೆಯಾದರೆ ಕಪಾಟು ಓರೆಯಾಗುತ್ತದೆ, ಕಪಾಟು ಓರೆಯಾದರೆ ಬಡಗಿಯ ಕೂಲಿ ಏರುತ್ತದೆ. ಈ ಸಣ್ಣ ಪುಟ್ಟವೆಲ್ಲ ಯಾವ ಅಂದಾಜುಪಟ್ಟಿಯಲ್ಲಿಯೂ ಸರಿಯಾಗಿ ಕಾಣಬರುವುದಿಲ್ಲ. ಅಂದಾಜು ಬರೆಯುವವನು ಹಿಂದೆ ಕಟ್ಟಿದ್ದನ್ನು ನೋಡಿ ಬರೆಯುತ್ತಾನೆ. ಇಂಥ ತಿರುಚು ಗಗನಚುಂಬಿಯನ್ನು ಅದಕ್ಕೆ ಹಿಂದೆ ಜಗತ್ತಿನಲ್ಲಿ ಯಾರೂ ಕಟ್ಟಿರಲಿಲ್ಲ. ನೋಡಿ ಬರೆಯಲು ಮೇಲುಪಂಕ್ತಿಯೇ ಇಲ್ಲದಿದ್ದಾಗ ಬರೆಯುವವನಾದರೂ ಏನು ಮಾಡಿಯಾನು?

ಕಟ್ಟಡವು ೨೦೦೫ನೆಯ ಇಸವಿ ಆಗಸ್ಟ್ ೨೭ರಂದು ಪ್ರಾರಂಭೋತ್ಸವವನ್ನು ಕಂಡಾಗ ವೆಚ್ಚವು ಮೊದಲಿನ ಅಂದಾಜಿನ ಹತ್ತಿರಹತ್ತಿರ ಇಮ್ಮಡಿಯಾಗಿತ್ತು. ಸುಮಾರು ೧೬೦ ಕೋಟಿ ಸ್ವೀಡಿಷ್ ಕ್ರೋನಾ. ಆಗ ಒಂದು ಕ್ರೋನಾ ಆರು ರೂಪಾಯಿಗೆ ತುಸು ಕಡಮೆ ಬಾಳುತ್ತಿತ್ತಾದ್ದರಿಂದ ನಮ್ಮ ಹಣದಲ್ಲಿ ೯೦೦ ಕೋಟಿ ರೂಪಾಯಿಗೂ ಮೀರಿತು. ಐವತ್ತನಾಲ್ಕು ಅಂತಸ್ತಿಗೆ ಹಂಚಿದರೆ ಒಂದೊಂದಕ್ಕೆ ಮೂರು ಕೋಟಿ ಕ್ರೋನಾ ಬೀಳುತ್ತದೆ. ಇಷ್ಟೆಲ್ಲ ಆಗಿ ದೊರೆತ ಮನೆಗಳೆಷ್ಟು? ಕೆಳಗಿನ ಎರಡು ಪೆಟ್ಟಿಗೆಗಳು ಕಚೇರಿಗಳಿಗೆ. ತುತ್ತತುದಿಯ ಎರಡಂತಸ್ತು ಸಭೆ ಸಮ್ಮೇಳನಗಳಿಗೆ. ಉಳಿದುದರಲ್ಲಿ ೧೪೭ ಮನೆಗಳು. ನೂರನಲವತ್ತೇಳು ಕುಟುಂಬಗಳೆಂದರೆ ನಮ್ಮಲ್ಲಿ ಒಂದು ಸಾಮಾನ್ಯವಾದ ಕೇರಿ.

ಸಂಘಕ್ಕೆ ನಿಜವಾದ ಪೆಟ್ಟು ಬಿದ್ದದ್ದು ವೆಚ್ಚ ಏರಿದ್ದರಿಂದ ಮಾತ್ರವಲ್ಲ. ಮುಂಗಡ ತೆತ್ತು ವಾಸದ ಹಕ್ಕನ್ನು ಕೊಳ್ಳಲು ಸಾಕಷ್ಟು ಜನ ಮುಂದೆ ಬರಲಿಲ್ಲ. ಏರಿದ ವೆಚ್ಚಕ್ಕೆ ತಕ್ಕ ಮುಂಗಡವನ್ನು ಕೊಡಬಲ್ಲ ಸದಸ್ಯರು ಎಷ್ಟು ಮಂದಿ ಇದ್ದಾರು? ಕೊನೆಗೆ ಮನೆಗಳನ್ನೆಲ್ಲ ಬಾಡಿಗೆಗೆ ಕೊಡಬೇಕಾಯಿತು. ಮೇಲೆ ಹೇಳಿದ ಕ್ರಮವನ್ನು ವಾಚಕರು ನೆನಪಿಗೆ ತಂದುಕೊಂಡರೆ ಇದರ ಅರ್ಥ ತಾನಾಗಿ ತಿಳಿಯುತ್ತದೆ. ಮುಂಗಡದ ದೊಡ್ಡ ಮೊತ್ತ ಬರಲಿಲ್ಲ. ಸಾಲವನ್ನು ಹೊತ್ತುಕೊಳ್ಳುವ ಮರಿಸಂಘ ಹುಟ್ಟಲಿಲ್ಲ. ಕಟ್ಟಡವೂ ಅದರ ಹೊರೆಯೂ ತಾಯಿಸಂಘದ ಹೆಗಲ ಮೇಲೆಯೇ ಉಳಿದುವು. ಬಾಡಿಗೆಯು ತಿಂಗಳಿಗೊಮ್ಮೆ ಹನಿಹನಿಯಾಗಿ ಬರತಕ್ಕದ್ದು. ಅದೂ ಸ್ವೀಡನ್ನಿನಲ್ಲಿ ಮನೆಯೊಡೆಯನು ಮನಬಂದಂತೆ ಬಾಡಿಗೆಯನ್ನು ಏರಿಸುವ ಹಾಗಿಲ್ಲ. ಬಾಡಿಗೆದಾರರ ಸಂಘದವರೊಡನೆ ಕುಳಿತು ಮಾತಾಡಿ ನಿಶ್ಚಯಿಸುವ ಪದ್ಧತಿ ಅಲ್ಲಿದೆ. ಬಾಡಿಗೆದಾರರ ಹಿತಕ್ಕಾಗಿ ಹುಟ್ಟಿದ ಸಂಘವು ತಾನೇ ಮನೆಯೊಡೆಯನಾಗಿ ಮಾತುಕತೆಯ ಮೇಜಿನ ಈಚೆ ಕೂರುವಂತಾದದ್ದು ವಿಚಿತ್ರವೇ ಸರಿ. ಕಟ್ಟಡವನ್ನು ಇಡಿಯಾಗಿ ಮಾರಿಬಿಡಲು ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿದರೂ ಅದು ಕೈಗೂಡಲಿಲ್ಲ.

ಹಾಗಾದರೆ ಇದು ದುಂದುವೆಚ್ಚವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡಬಹುದೇ? ನಮಗೆ ಅಷ್ಟು ಧೈರ್ಯವಿಲ್ಲ. ಮಾಲ್ಮೋ ಆಗ ಇದ್ದ ಸ್ಥಿತಿಯನ್ನು ನೆನೆಯಬೇಕು. ಹಡಗು ಕಟ್ಟುತ್ತಿದ್ದ ಊರು ಹಡಗಿಲ್ಲದೆ ಏನು ಮಾಡಬೇಕೆಂದು ತಿಳಿಯದೆ ಕುಳಿತಿತ್ತು. ೧೯೯೮ರಲ್ಲಿ ಅಲ್ಲಿ ಉನ್ನತ ವಿದ್ಯಾಸಂಸ್ಥೆಯೊಂದು ತೆರೆಯಿತು. ೨೦೦೦ದಲ್ಲಿ ಕಡಲ ಕಾಲುವೆಯ ಮೇಲೆ ಎಂಟು ಕಿಲೋಮೀಟರಿಗೆ ತುಸು ಕಡಮೆ ಉದ್ದದ ಓರೆಸುಂಡ್ ಸೇತುವೆ ಸಂಚಾರಕ್ಕೆ ತೆರೆಯಿತು. ಮಾಲ್ಮೋದಲ್ಲಿ ಮಲಗಿ ಕೋಪನ್ ಹೇಗನ್ನಿನಲ್ಲಿ ದುಡಿಯುವುದು ಸಾಧ್ಯವಾಯಿತು. ೨೦೦೧ರಲ್ಲಿ ಹಾಳುಬಿದ್ದ ಬಂದರಿನ ನೆಲದಲ್ಲಿಯೇ ಗೃಹನಿರ್ಮಾಣದ ಪ್ರದರ್ಶನವೊಂದು ನಡೆದು ಹೊಸ ಬಡಾವಣೆಯೊಂದು ಹುಟ್ಟಿತು. ಈ ಸಾಲಿನಲ್ಲಿ ಬಂದ ಗಗನಚುಂಬಿಯು ಊರಿಗೆ ಹೊಸ ಗುರುತಾಯಿತು. ೨೦೦೫ರಲ್ಲಿಯೇ ಅದಕ್ಕೆ ಜಗತ್ತಿನ ಉತ್ತಮ ವಸತಿ ಕಟ್ಟಡವೆಂಬ ಬಹುಮಾನ ಬಂದಿತು. ಹತ್ತು ವರ್ಷ ಕಳೆದ ಮೇಲೆ, ೨೦೧೫ರಲ್ಲಿ, ಎತ್ತರದ ಕಟ್ಟಡಗಳನ್ನು ಕುರಿತ ಅಂತಾರಾಷ್ಟ್ರೀಯ ಮಂಡಳಿಯು ಹತ್ತು ವರ್ಷ ಬಾಳಿ ತೋರಿಸಿದ ಕಟ್ಟಡವೆಂದು ಅದನ್ನು ಮತ್ತೆ ಗೌರವಿಸಿತು. ಅದನ್ನು ನೋಡಿ ಬೇರೆ ದೇಶಗಳಲ್ಲಿ ತಿರುಚು ಕಟ್ಟಡಗಳು ಎದ್ದುವು. ೨೦೧೩ರಲ್ಲಿ ಮುಗಿದ ದುಬೈ ನಗರದ ಕಯಾನ್ ಗೋಪುರವೂ ೯೦ ಅಂಶ ತಿರುಗಿದ ವಸತಿ ಕಟ್ಟಡವೇ.

ಆದರೆ ಇಲ್ಲಿ ನಮ್ಮನ್ನು ಕಾಡುವ ಪ್ರಶ್ನೆಯೊಂದಿದೆ. ಗುರುತು ದೊರೆತದ್ದು ಇಡೀ ಊರಿಗೆ. ಹಣ ತೆತ್ತದ್ದು ಒಂದು ಸಂಘ. ಬಂದರಿನ ಸುತ್ತಲಿನ ನಿವೇಶನಗಳ ಬೆಲೆ ಏರಿದರೆ ಆ ಲಾಭವು ನಿವೇಶನದ ಒಡೆಯರಿಗೆ, ಪ್ರವಾಸಿಗಳು ಬಂದರೆ ಆ ಲಾಭವು ಹೋಟೆಲಿನವರಿಗೆ, ಕೀರ್ತಿಯು ಶಿಲ್ಪಿಗೆ. ಆ ಊರಿನ ಬೇರೊಂದು ಬೀದಿಯಲ್ಲಿ, ಸಾದಾ ನಾಲ್ಕಂತಸ್ತಿನ ಕಟ್ಟಡದಲ್ಲಿ ಎರಡು ಕೋಣೆಯ ಮನೆಗಾಗಿ ಉಳಿತಾಯ ಮಾಡುತ್ತ ಸರದಿಯಲ್ಲಿ ನಿಂತಿದ್ದ ಸದಸ್ಯನಿಗೆ ದೊರೆತದ್ದೇನು? ಆತನೂ ಕಿಟಕಿಯಿಂದ ಅದನ್ನು ನೋಡಿ ನಮ್ಮದೆಂದು ಹೆಮ್ಮೆಪಟ್ಟಿರಬಹುದು; ಹೆಮ್ಮೆಗೂ ಬೆಲೆಯುಂಟು, ಇಲ್ಲವೆನ್ನಲಾಗದು. ಆದರೆ ಅಂಥ ಹೆಮ್ಮೆಯನ್ನು ಕೊಳ್ಳುವುದಾದರೆ ನಗರಸಭೆಯೂ ಸರಕಾರವೂ ತಮ್ಮ ಪಾಲನ್ನು ಹಾಕುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಉಳಿತಾಯದ ಹಣವನ್ನು ನಂಬಿ ಒಪ್ಪಿಸಿದವರಿಂದ “ನಾವೊಂದು ಅಪೂರ್ವ ಪ್ರಯೋಗ ಮಾಡುತ್ತೇವೆ, ಅಂದಾಜು ಎರಡರಷ್ಟಾದರೂ ಆಗಬಹುದು” ಎಂದು ಮೊದಲೇ ಹೇಳಿ ಸಮ್ಮತಿ ಪಡೆಯುವುದು ಒಂದು ಬಗೆ. ಅಡಿಪಾಯ ಹಾಕಿದ ಮೇಲೆ ಹಿಂದೆಗೆಯಲಾರದೆ ಮುಂದುವರಿಯುವುದು ಇನ್ನೊಂದು ಬಗೆ. ಅರ್ಧಕ್ಕೆ ನಿಂತ ಗಗನಚುಂಬಿಯನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ನಡುವೆ ನಿಲ್ಲಿಸುವುದೆಂಬ ಮಾತೇ ಇರುವುದಿಲ್ಲ. ಸಣ್ಣ ಮನೆಯನ್ನಾದರೆ ಮಾಡು ಹೊದಿಸಿ ಉಳಿದ ಕೋಣೆಯನ್ನು ಮುಂದಿನ ಸುಗ್ಗಿಗೆಂದು ಬಿಡಬಹುದು. ನಡುಗಂಬವು ನೂರು ಮೀಟರು ಎದ್ದ ಮೇಲೆ ಆ ಉಪಾಯ ನಡೆಯದು.

ಒಳಗೆ ವಾಸಿಸುವವರ ವಿಷಯದಲ್ಲಿ ಹೇಳುವುದಾದರೆ, ಅಡಿಗೆಮನೆಯ ಏರ್ಪಾಡೊಂದು ನಮ್ಮ ಗೃಹಿಣಿಯರಿಗೆ ಸ್ವಾರಸ್ಯವೆನಿಸಬಹುದು. ಪಾತ್ರೆ ತೊಳೆಯುವ ತೊಟ್ಟಿಯಲ್ಲಿಯೇ ರುಬ್ಬುವ ಯಂತ್ರವೊಂದಿದೆ. ಸಿಪ್ಪೆ ಮುಸುರೆಗಳನ್ನು ಅದಕ್ಕೆ ಹಾಕಿದರೆ ನುಣ್ಣಗಾಗಿ ಬೇರೊಂದು ಕೊಳವೆಯ ಮೂಲಕ ಕೆಳಗಿಳಿದು, ಅನಿಲವನ್ನು ಉತ್ಪಾದಿಸುವ ಕೆಲಸಕ್ಕೆ ಬರುತ್ತದೆ. ಸಗಣಿಯಿಂದ ಅನಿಲ ತೆಗೆಯುವ ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿಗೆ ಇದು ದೂರದ ನೆಂಟ.

ಟರ್ನಿಂಗ್ ಟಾರ್ಸೊ ಹದಿನೇಳು ವರ್ಷಗಳ ಕಾಲ ಸ್ವೀಡನ್ನಿನ ಅತ್ಯುನ್ನತ ಕಟ್ಟಡವಾಗಿತ್ತು. ೨೦೨೨ರಲ್ಲಿ ಗೋಟೆಬೋರಿ ನಗರದ ಕಾರ್ಲಾ ಗೋಪುರವು ಅದನ್ನು ಮೀರಿ ಬೆಳೆಯಿತು. ಅದರ ಎತ್ತರ ೨೪೬ ಮೀಟರು, ಅಂತಸ್ತು ಎಪ್ಪತ್ತಕ್ಕೂ ಹೆಚ್ಚು, ಅದರ ನಡುಭಾಗದಲ್ಲಿಯೂ ಒಂದು ತಿರುಚು ಇದೆ. ಅದನ್ನು ಕಟ್ಟಿಸಿದ್ದು ಸಹಕಾರ ಸಂಘವಲ್ಲ, ಖಾಸಗಿ ಕಂಪೆನಿ. ಅಲ್ಲಿಯೂ ಸಾಲ ಕೊಡುವವರು ಕೈಹಿಂದೆಗೆದುದರಿಂದ ೨೦೨೦ರಲ್ಲಿ ಕೆಲಸವು ಕೆಲವು ಕಾಲ ನಿಂತು, ಹಣ ಹೊಂದಿದ ಮೇಲೆ ಮತ್ತೆ ಮುಂದುವರಿಯಿತು.